ಹೇಂಟೆ ಮೊಟ್ಟೆ ನಿಲ್ಲಿಸಿದರೆ ತಪ್ಪು ಯಾರದು?

ಕಳೆದ ಡಿಸೆಂಬರ್‌ನಲ್ಲಿ ಪಕ್ಕದ ಬೀದಿಯ ಒಬ್ಬ ಸಹೋದರಿ ಹೇಂಟೆಯೊಂದನ್ನು ಕಂಕುಳಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಆಪಾ, ಇದು ಹದಿನೈದು ದಿನದಿಂದ ಒಂದು ಮೊಟ್ಟೆಯನ್ನೂ ಇಟ್ಟಿಲ್ಲ. ತಿನ್ನೋದು ಮಾತ್ರ ತಿನ್ನುತ್ತೆ. ಶುಕ್ರವಾರ ಝಬಹ್ ಮಾಡಿಸಿಬಿಡಲಾ?" ಎಂದು ಕೇಳಿದಳು. ಹೇಂಟೆಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಅದರ ಮೂಗಿನ ಒಂದು ಹೊಳ್ಳೆಯಿಂದ ಇನ್ನೊಂದು ಹೊಳ್ಳೆಗೆ ಅದರದೇ ಪುಕ್ಕವೊಂದನ್ನು ಚುಚ್ಚಿ ದಾಟಿಸಲಾಗಿತ್ತು. ಕಾವಿಗೆ ಕೂರುವ ಚಟ ಬಿಡಲಿ ಎಂದು ಅವಳ ಅತ್ತೆ ಮಾಡಿದ ಉಪಾಯವಂತೆ. ಅದಕ್ಕೂ ಮೊದಲು ಎರಡು ದಿನ ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿ ತೆಗೆದಿದ್ದರು.

ನಾನು ಪಶುವೈದ್ಯೆಯಲ್ಲ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು, ಮದುವೆಯಾದಂದಿನಿಂದ ಹಿತ್ತಲಲ್ಲಿ ನಾಲ್ಕಾರು ನಾಟಿ ಕೋಳಿ ಸಾಕುತ್ತಾ ಬಂದವಳು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನಮ್ಮ ಬಂಧುಗಳ ಮನೆಗಳಲ್ಲಿ ಕೋಳಿ ಇಲ್ಲದ ಮನೆ ಕಡಿಮೆ. ಆದರೆ ಮೊಟ್ಟೆ ಹೇಗೆ ಆಗುತ್ತದೆ ಎಂದು ತಿಳಿದವರು ಅದಕ್ಕಿಂತಲೂ ಕಡಿಮೆ. ಈ ತಿಳಿವಳಿಕೆ ಇಲ್ಲದ್ದರಿಂದ ಕೋಳಿಗೂ ಹಿಂಸೆ, ಮನೆಯ ಮಗುವಿಗೂ ಹಾನಿ. ನನ್ನ ಮೊಮ್ಮಗನ ವಿಷಯದಲ್ಲಿ ನಾನೇ ಆ ತಪ್ಪು ಮಾಡಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ಹೇಂಟೆಯ ಹೊಟ್ಟೆಯಲ್ಲಿ ಎಡಗಡೆಯ ಅಂಡಾಶಯ ಒಂದೇ ಕೆಲಸ ಮಾಡುವುದು. ಅದರಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಸಣ್ಣದು ದೊಡ್ಡದು ಹಳದಿ ಗೋಲಿಗಳಿರುತ್ತವೆ. ಝಬಹ್ ಮಾಡಿದ ಹೇಂಟೆಯನ್ನು ಸ್ವಚ್ಛ ಮಾಡುವಾಗ ಇದನ್ನು ನೋಡದ ತಾಯಂದಿರಿಲ್ಲ. ಒಂದು ಗೋಲಿ ಹಣ್ಣಾಗಿ ಅಂಡನಾಳಕ್ಕೆ ಬೀಳುತ್ತದೆ. ಹುಂಜ ಕೂಡಿದ್ದರೆ ಅಲ್ಲೇ ಮೊದಲ ಹದಿನೈದಿಪ್ಪತ್ತು ನಿಮಿಷದಲ್ಲಿ ಅದು ಫಲಿತವಾಗುತ್ತದೆ. ಹುಂಜ ಇಲ್ಲದಿದ್ದರೂ ಮೊಟ್ಟೆ ಆಗುತ್ತದೆ, ಮರಿ ಆಗುವುದಿಲ್ಲ ಅಷ್ಟೇ. ಆಮೇಲೆ ಸುಮಾರು ಮೂರು ಗಂಟೆಯಲ್ಲಿ ಸುತ್ತಲೂ ಬಿಳಿ ಲೋಳೆ ಸೇರಿಕೊಳ್ಳುತ್ತದೆ. ಇನ್ನೊಂದು ಗಂಟೆ ಅಥವಾ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ತೆಳು ಪೊರೆ ಬರುತ್ತದೆ. ಕೊನೆಗೆ ಚಿಪ್ಪು. ಅದಕ್ಕೆ ಮಾತ್ರ ಸುಮಾರು 20 ಗಂಟೆ ಬೇಕು. ಒಟ್ಟು 24ರಿಂದ 26 ಗಂಟೆ. ಅಂದರೆ ಎಂಥ ಜಾತಿ ಕೋಳಿಯಾದರೂ ದಿನಕ್ಕೆ ಒಂದಕ್ಕಿಂತ ಹೆಚ್ಚು ಮೊಟ್ಟೆ ಇಡುವುದು ಸಾಮಾನ್ಯವಾಗಿ ಆಗದ ಮಾತು. "ಫಾರಂ ಕೋಳಿಗೆ ಇಂಜೆಕ್ಷನ್ ಕೊಟ್ಟು ದಿನಕ್ಕೆ ಎರಡು ಮೊಟ್ಟೆ ಇಡಿಸುತ್ತಾರೆ" ಎಂಬ ಮಾತನ್ನು ಮದುವೆ ಮನೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅದು ಸುಳ್ಳು. ಫಾರಂ ಕೋಳಿ ವರ್ಷಕ್ಕೆ 300ರ ಮೇಲೆ ಇಡುವುದು ತಳಿಯಿಂದ, ಮೇವಿನಿಂದ, ದೀಪದಿಂದ.

ನಮ್ಮ ನಾಟಿ ಹೇಂಟೆಯ ಲೆಕ್ಕವೇ ಬೇರೆ. ಅದು 12ರಿಂದ 15 ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಕಾವು 21 ದಿನ. ಮರಿ ಎದ್ದ ಮೇಲೆ ಎರಡು ಎರಡೂವರೆ ತಿಂಗಳು ಅವುಗಳ ಹಿಂದೆ ತಿರುಗುತ್ತದೆ. ಒಂದು ಸುತ್ತಿಗೆ ಮೂರೂವರೆ ತಿಂಗಳು ಎಂದುಕೊಂಡರೂ ವರ್ಷಕ್ಕೆ ಮೂರು ನಾಲ್ಕು ಸುತ್ತು, 50-60 ಮೊಟ್ಟೆ. ಅದರ ಹುಟ್ಟುಗುಣವೇ ಅಷ್ಟು. ಕಾವಿಗೆ ಕೂತದ್ದು ಸೋಮಾರಿತನವಲ್ಲ, ತಾಯಿತನ. ಮರಿ ಬೇಡ, ಮೊಟ್ಟೆಯೇ ಬೇಕು ಅನ್ನುವವರು ಹೇಂಟೆಯನ್ನು ನೆಲದಿಂದ ಎತ್ತರದ, ತಳಕ್ಕೂ ಗಾಳಿಯಾಡುವ ತಂತಿ ಪಂಜರದಲ್ಲಿ, ಬೆಳಕಿರುವ ಕಡೆ, ಹುಲ್ಲು ಬಟ್ಟೆ ಏನೂ ಹಾಸದೆ ಮೂರು ನಾಲ್ಕು ದಿನ ಬಿಡಿ. ಕಾಳು ನೀರು ಮಾತ್ರ ಧಾರಾಳವಾಗಿರಲಿ. ಹೊಟ್ಟೆಯಡಿ ತಂಪಾದರೆ ಕಾವು ತಾನಾಗಿ ಇಳಿಯುತ್ತದೆ. ಎರಡು ಮೂರು ವಾರದಲ್ಲಿ ಮತ್ತೆ ಮೊಟ್ಟೆ ಶುರು ಮಾಡುತ್ತದೆ. ಮೂಗಿಗೆ ಪುಕ್ಕ ಚುಚ್ಚುವುದು, ಕಾಲು ಕಟ್ಟಿ ತಲೆಕೆಳಗೆ ನೇತುಹಾಕುವುದು, ನೀರಿಗೆ ಅದ್ದುವುದು ಇವೆಲ್ಲ ಬರೀ ಕ್ರೌರ್ಯ. ಮರಿಗಳನ್ನು ಎತ್ತಿಕೊಂಡದ್ದರಿಂದ ತಾಯಿಹಕ್ಕಿ ಚಡಪಡಿಸುವುದನ್ನು ಕಂಡು, ಅವನ್ನು ಹಿಂದಿರುಗಿಸಿ ಎಂದು ಹೇಳಿದ ಪ್ರವಾದಿ(ಸ)ರ ಸಮುದಾಯ ನಾವು. ಹೇಂಟೆಯ ಮೂಗು ಚುಚ್ಚಲು ನಮಗೆ ಯಾರು ಅನುಮತಿ ಕೊಟ್ಟರು?

ಡಿಸೆಂಬರ್ ತಿಂಗಳಲ್ಲಿ ಕಾವಿಗೆ ಕೂರದ ಹೇಂಟೆಯೂ ಮೊಟ್ಟೆ ಕಡಿಮೆ ಮಾಡುತ್ತದೆ. ಅದಕ್ಕೆ ಕಾರಣ ಬೆಳಕು. ಕೋಳಿ ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ನಮ್ಮ ಕೋಲಾರದ ಕಡೆ ಜೂನ್‌ನಲ್ಲೂ ಹಗಲು 13 ಗಂಟೆ ತುಂಬುವುದಿಲ್ಲ, ಡಿಸೆಂಬರ್‌ನಲ್ಲಂತೂ ಹನ್ನೊಂದೂ ಕಾಲು ಗಂಟೆಯ ಆಸುಪಾಸು. ಫಾರಂನವರು ದೀಪ ಹಾಕಿ ಈ ಕೊರತೆ ತುಂಬಿಸುತ್ತಾರೆ. ಮನೆಯಲ್ಲಿ ನಾಲ್ಕು ನಾಟಿ ಕೋಳಿಗೆ ದೀಪ ಹಾಕಬೇಕೇ? ಬೇಡ ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೊಮ್ಮೆ ಹಳೆ ಪುಕ್ಕ ಉದುರಿ ಹೊಸದು ಬರುವ ಕಾಲದಲ್ಲೂ ಅದು ಮೊಟ್ಟೆ ನಿಲ್ಲಿಸುತ್ತದೆ. ಪುಕ್ಕವೂ ಪ್ರೋಟೀನಿನಿಂದಲೇ ಆಗಬೇಕು, ಮೊಟ್ಟೆಯೂ ಅದರಿಂದಲೇ. ಎರಡನ್ನೂ ಒಟ್ಟಿಗೆ ಮಾಡಲು ಅದರ ಮೈಯಲ್ಲಿ ಶಕ್ತಿ ಇರುವುದಿಲ್ಲ.

ಬೆಳಕು ನಮ್ಮ ಕೈಯಲ್ಲಿಲ್ಲ, ಮೇವು ನಮ್ಮ ಕೈಯಲ್ಲಿದೆ. ನಮ್ಮದು ರಾಗಿ ಸೀಮೆ. ಬೆಳಗ್ಗೆ ಒಂದು ಹಿಡಿ ರಾಗಿ ಚೆಲ್ಲಿದರೆ ಕೋಳಿಯ ಹಕ್ಕು ತೀರಿತು ಎಂದುಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡಿ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂಗೆ ಹೆಸರಾದ ರಾಗಿಯಲ್ಲೇ 100 ಗ್ರಾಮಿಗೆ ಇರುವುದು ಹೆಚ್ಚು ಕಡಿಮೆ 350 ಮಿಲಿಗ್ರಾಂ. ನುಚ್ಚಕ್ಕಿಯಲ್ಲಿ ಇಲ್ಲವೆಂದೇ ಹೇಳಬೇಕು. ಉಳಿದದ್ದನ್ನು ಹೇಂಟೆ ಎಲ್ಲಿಂದ ತರಬೇಕು? ತನ್ನ ಮೂಳೆಯಿಂದ ತೆಗೆಯುತ್ತದೆ. ಅಷ್ಟೂ ಮುಗಿದ ಮೇಲೆ ಚಿಪ್ಪು ತೆಳ್ಳಗಾಗುತ್ತದೆ, ಚರ್ಮದಂಥ ಮೊಟ್ಟೆ ಬರುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಇದಕ್ಕೆ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಅಡುಗೆಮನೆಯಲ್ಲಿ ಉಳಿದ ಮೊಟ್ಟೆ ಚಿಪ್ಪನ್ನು ಕುದಿಸಿ, ಒಣಗಿಸಿ, ಒರಟಾಗಿ ಪುಡಿ ಮಾಡಿ ಒಂದು ಕರಟದಲ್ಲಿ ಇಡಿ. ಬೇಕಾದಷ್ಟನ್ನು ಅದೇ ಹೆಕ್ಕಿಕೊಳ್ಳುತ್ತದೆ.

ಪ್ರೋಟೀನಿನ ಲೆಕ್ಕವೂ ಹಾಗೆಯೇ. ದಿನಾ ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 16-17 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ರಾಗಿಯಲ್ಲಿ 7 ಗ್ರಾಂ ಇದ್ದರೆ ಹೆಚ್ಚು. ಹಿತ್ತಲು ಕೆದಕಿ ಗೆದ್ದಲು, ಎರೆಹುಳ, ಮಿಡತೆ ತಿಂದರೆ ಕೊರತೆ ತುಂಬುತ್ತದೆ. ಆದರೆ ಈಗ ನಮ್ಮ ಹಿತ್ತಲುಗಳಿಗೆ ಸಿಮೆಂಟ್ ಬಿದ್ದಿದೆ. ಕೆದಕಲು ಮಣ್ಣೇ ಇಲ್ಲದ ಕೋಳಿ ಚರಂಡಿಗೆ ಹೋಗುತ್ತದೆ. ಸ್ವಲ್ಪ ಕಡಲೆಕಾಯಿ ಹಿಂಡಿ ನೆನೆಸಿ ಕೊಡಬಹುದು, ಬೂಷ್ಟು ಹಿಡಿದದ್ದು ಮಾತ್ರ ಖಂಡಿತ ಬೇಡ, ಅದು ವಿಷ. ನಮ್ಮವರಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳು ಬಹಳ. ಗೂಡಿನಲ್ಲಿ ಉಳಿಯುವ ಬೆಂದ ಹುಳ ಪ್ರೋಟೀನಿನ ಗಣಿ. ಅಂದಂದಿನದನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಸ್ವಲ್ಪ ಸ್ವಲ್ಪವೇ ಕೊಡಿ. ಜಾಸ್ತಿಯಾದರೆ ಮೊಟ್ಟೆಗೆ ವಾಸನೆ ಬರುತ್ತದೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ, ಕೋಲಾರದ ಟೊಮೆಟೊ ಹೊಲಗಳಲ್ಲಿ ಔಷಧಿ ಹೊಡೆದ ದಿನ ಕೋಳಿಯನ್ನು ಕೂಡಿಹಾಕಿ. ಸತ್ತ ಹುಳ ತಿಂದ ಕೋಳಿ ಸಾಯದಿದ್ದರೂ ವಿಷ ಮೊಟ್ಟೆಗೆ ಇಳಿಯಬಹುದು.

ಏಪ್ರಿಲ್, ಮೇ ತಿಂಗಳಲ್ಲಿ ಮೊಟ್ಟೆ ಕಡಿಮೆಯಾದರೆ ಮೊದಲು ನೀರಿನ ಬಟ್ಟಲು ನೋಡಿ. ಮೊಟ್ಟೆಯ ಮುಕ್ಕಾಲು ಭಾಗ ನೀರೇ. ಮಾಲೂರಿನ ಇಟ್ಟಿಗೆ ಗೂಡಿನ ಪಕ್ಕದ ಒಂದು ಮನೆಯಲ್ಲಿ, ಬಿಸಿಲಿಗೆ ಕಾದ ತಗಡಿನ ತಟ್ಟೆಯಲ್ಲಿ ಬೆಳಗ್ಗೆ ಹಾಕಿದ ನೀರು ಮಧ್ಯಾಹ್ನದ ಹೊತ್ತಿಗೆ ಕೈ ಇಡಲಾಗದಷ್ಟು ಬಿಸಿಯಾಗಿದ್ದುದನ್ನು ಕಂಡಿದ್ದೇನೆ. ಆ ಮನೆಯವರು ಕೋಳಿಗೆ ದೃಷ್ಟಿ ತಾಗಿದೆ ಎಂದು ತಾಯತ ಕಟ್ಟಿದ್ದರು. ಮಣ್ಣಿನ ಕುಡಿಕೆಯಲ್ಲಿ ನೀರು ತುಂಬಿ ನೆರಳಿನಲ್ಲಿಟ್ಟಿದ್ದರೆ ಸಾಕಾಗಿತ್ತು.

ಈಗ ನನ್ನ ತಪ್ಪಿನ ವಿಷಯ. ನಾಯಿ, ಮುಂಗುಸಿ, ಕಳ್ಳರ ಭಯಕ್ಕೆ ನಾವು ರಾತ್ರಿ ಕೋಳಿಗಳನ್ನು ಅಡುಗೆಮನೆಯ ಮೂಲೆಯಲ್ಲಿ ಮಂಕರಿ ಕವುಚಿ ಮುಚ್ಚುತ್ತಿದ್ದೆವು. ನನ್ನ ಅತ್ತೆಯೂ ಹಾಗೆಯೇ ಮಾಡುತ್ತಿದ್ದರು, ನಾನೂ ಮಾಡಿದೆ. ಮಗಳು ಹೆರಿಗೆಗೆ ಬಂದು ನಮ್ಮಲ್ಲೇ ಇದ್ದಳು. ಮೊಮ್ಮಗ ಅಂಬೆಗಾಲಿಡುವ ವಯಸ್ಸಿಗೆ ಬಂದ. ಬೆಳಗ್ಗೆ ಮಂಕರಿ ಎತ್ತಿ ಹಿಕ್ಕೆ ಗುಡಿಸಿ ನೆಲ ಒರೆಸುವಷ್ಟರಲ್ಲಿ ಅವನು ಅಲ್ಲಿಗೆ ಬಂದಿರುತ್ತಿದ್ದ. ತಿಂಗಳಿಗೊಮ್ಮೆಯಾದರೂ ಭೇದಿ. ತೂಕ ಏರಲೇ ಇಲ್ಲ. ಹಾಲು ಬದಲಾಯಿಸಿದೆವು, ಹಲ್ಲು ಬರುತ್ತಿದೆ ಎಂದೆವು, ದಂ ಹಾಕಿಸಿದೆವು. ಕೊನೆಗೆ ವೈದ್ಯೆಯೊಬ್ಬರು ಔಷಧಿ ಚೀಟಿ ಬರೆಯುವ ಮೊದಲು, "ಮನೆಯೊಳಗೆ ಕೋಳಿ ಇವೆಯಾ?" ಎಂದು ಕೇಳಿದರು. ವಿಜ್ಞಾನದ ಟೀಚರ್ ಆಗಿದ್ದ ನಾನು ತಲೆ ತಗ್ಗಿಸಿ ಕೂತೆ.

ಕೋಳಿಯ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಎಂಬ ರೋಗಾಣುಗಳಿರುತ್ತವೆ. ಕೋಳಿ ಆರೋಗ್ಯವಾಗಿ ಕಂಡರೂ ಇರಬಹುದು. ಆಮೇಲೆ ಓದಿ ತಿಳಿದ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಇಥಿಯೋಪಿಯಾದ ಹಳ್ಳಿಗಳ ಬಗ್ಗೆ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೋಳಿ ಸಾಕುವ ಮನೆಗಳ ಮಕ್ಕಳ ಬೆಳವಣಿಗೆ ಒಟ್ಟಾರೆ ಚೆನ್ನಾಗಿತ್ತು. ಆದರೆ ರಾತ್ರಿ ಕೋಳಿಗಳನ್ನು ಮನೆಯೊಳಗೆ ಇಟ್ಟುಕೊಳ್ಳುವ ಮನೆಗಳ ಮಕ್ಕಳಲ್ಲಿ ಅದು ಕಡಿಮೆ ಕಂಡಿತು. ಮೊಟ್ಟೆ ಕೊಟ್ಟ ಬಲವನ್ನು ಹಿಕ್ಕೆ ಕಿತ್ತುಕೊಂಡಂತೆ. ಇಥಿಯೋಪಿಯಾದ ಗುಡಿಸಲಿಗೂ ನನ್ನ ಅಡುಗೆಮನೆಗೂ ಏನೂ ವ್ಯತ್ಯಾಸವಿರಲಿಲ್ಲ.

ಕೋಳಿಯ ಹಿಕ್ಕೆ ನಜಸ್ ಎಂದು ನಮ್ಮ ಮನೆಗಳಲ್ಲಿ ಚಿಕ್ಕಮಕ್ಕಳಿಗೂ ಗೊತ್ತು. ನಮಾಝಿನ ಚಾಪೆಯ ಮೇಲೆ ಕೋಳಿ ಕಾಲಿಟ್ಟರೆ ಗದರಿಸಿ ಓಡಿಸುತ್ತೇವೆ. ಅದೇ ಕೋಳಿ ರೊಟ್ಟಿ ಲಟ್ಟಿಸುವ ಜಾಗದಲ್ಲಿ, ಮಗು ತೆವಳುವ ಜಾಗದಲ್ಲಿ ರಾತ್ರಿಯೆಲ್ಲ ಹಿಕ್ಕೆ ಹಾಕಿದರೆ ಸುಮ್ಮನಿರುತ್ತೇವೆ. ಇದು ಯಾವ ನ್ಯಾಯ? ಕೊಳಕು ತಿನ್ನುವ ಪ್ರಾಣಿಯ ಮಾಂಸದ ಬಗ್ಗೆ ನಮ್ಮ ಧರ್ಮದಲ್ಲಿ ಎಚ್ಚರಿಕೆ ಇದೆ. ಇಬ್ನು ಉಮರ್(ರ) ಅವರು ಕೋಳಿಯನ್ನು ತಿನ್ನುವ ಮೊದಲು ಮೂರು ದಿನ ಕೂಡಿಹಾಕುತ್ತಿದ್ದರೆಂಬ ವರದಿ ಇದೆ. ಚರಂಡಿ ಕೆದಕುವ ಕೋಳಿಯನ್ನು ಹಿಡಿದು ಅದೇ ಸಂಜೆ ಸಾರು ಮಾಡುವ ನಮಗೆ ಅದು ನೆನಪಾಗುವುದಿಲ್ಲ.

ವೈದ್ಯೆಯ ಆ ಪ್ರಶ್ನೆಯ ಮಾರನೆಯ ವಾರ ನಮ್ಮವರು ಹಳೆಯ ಬಾಗಿಲ ಚೌಕಟ್ಟು, ತಂತಿ ಬಲೆ, ತಗಡು ಸೇರಿಸಿ ಹಿತ್ತಲ ಗೋಡೆಗೆ ಒಂದು ಗೂಡು ಕಟ್ಟಿಸಿದರು. ನೆಲದಿಂದ ಎರಡು ಅಡಿ ಎತ್ತರ, ಒಳಗೆ ಕೂರಲು ಅಡ್ಡ ಕೋಲು, ಮೊಟ್ಟೆ ಇಡಲು ಹುಲ್ಲು ಹಾಸಿದ ಎರಡು ಮರದ ಪೆಟ್ಟಿಗೆ, ಬಾಗಿಲಿಗೆ ಬೀಗ. ಕೆಳಗೆ ಬಿದ್ದ ಹಿಕ್ಕೆಯನ್ನು ಬೂದಿ ಹಾಕಿ ದಿನಾ ಎತ್ತಿ ಕರಿಬೇವಿನ ಗಿಡದ ಗುಂಡಿಗೆ ಸುರಿಯುತ್ತೇವೆ. ಗೂಡಿಗೆ ಹೋಗಲು ಒಂದು ಜೊತೆ ಚಪ್ಪಲಿ ಬೇರೆ, ಅದು ಮನೆಯೊಳಗೆ ಬರುವಂತಿಲ್ಲ. ಬಂದ ಕೂಡಲೇ ಸೋಪಿನಲ್ಲಿ ಕೈ ತೊಳೆಯಬೇಕು. ಬರೀ ನೀರು ಸಾಲದು.

ಮೊಟ್ಟೆಯನ್ನು ಮಾತ್ರ ತಂದ ಕೂಡಲೇ ತೊಳೆಯಬೇಡಿ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳು ಲೇಪವಿರುತ್ತದೆ. ಅದು ರಂಧ್ರಗಳನ್ನು ಮುಚ್ಚಿ ರೋಗಾಣುಗಳನ್ನು ತಡೆಯುತ್ತದೆ. ತೊಳೆದಿಟ್ಟರೆ ಲೇಪ ಹೋಗಿ ಕೊಳಕು ಒಳಗಿಳಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿಡಿ, ಬೇಯಿಸುವ ಹೊತ್ತಿಗೆ ತೊಳೆಯಿರಿ. ಒಡೆಯುವಾಗ ಒಂದೊಂದನ್ನೂ ಬೇರೆ ಬಟ್ಟಲಿಗೆ ಒಡೆದು ನೋಡಿ. ಕೆಲವೊಮ್ಮೆ ಹಳದಿಯ ಮೇಲೆ ಚುಕ್ಕೆಯಷ್ಟು ರಕ್ತ ಕಾಣುತ್ತದೆ. ಅದನ್ನು ಕಂಡು ಮೊಟ್ಟೆಯಲ್ಲಿ ಮರಿ ಕಟ್ಟಿದೆ ಎಂದು ಹೆದರುವವರಿದ್ದಾರೆ. ಹಳದಿ ಗೋಲಿ ಅಂಡಾಶಯದಿಂದ ಬಿಡಿಸಿಕೊಳ್ಳುವಾಗ ಸಣ್ಣ ರಕ್ತನಾಳ ಒಡೆದರೆ ಹಾಗಾಗುತ್ತದೆ. ಹುಂಜವಿಲ್ಲದ ಮನೆಯ ಮೊಟ್ಟೆಯಲ್ಲೂ ಇರುತ್ತದೆ. ಅದು ರೋಗವಲ್ಲ. ತಿನ್ನುವ ವಿಷಯದಲ್ಲಿ ಮಸಲೆ ಬೇಕಾದವರು ತಮ್ಮ ಆಲಿಮರನ್ನು ಕೇಳಿಕೊಳ್ಳಲಿ.

ಹಸಿ ಮೊಟ್ಟೆಯನ್ನು ಹಾಲಿಗೆ ಒಡೆದು ಹುಡುಗರಿಗೆ, ಬಾಣಂತಿಯರಿಗೆ ಕುಡಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಶಕ್ತಿ ಬರುತ್ತದೆ ಎಂಬ ನಂಬಿಕೆ. ನಿಜ ಏನೆಂದರೆ ಬೇಯಿಸಿದ ಮೊಟ್ಟೆಯ ಪ್ರೋಟೀನ್ ಸುಮಾರು 90 ಭಾಗ ಮೈಗೆ ಹತ್ತಿದರೆ, ಹಸಿಯದರಲ್ಲಿ ಹತ್ತುವುದು ಅರ್ಧದಷ್ಟೇ. ಅದರ ಮೇಲೆ ಸಾಲ್ಮೊನೆಲ್ಲಾದ ಅಪಾಯ ಬೇರೆ. ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ಮುದುಕರಿಗೆ ಹಳದಿ ಗಟ್ಟಿಯಾಗುವ ತನಕ ಬೇಯಿಸಿಯೇ ಕೊಡಿ.

ಇನ್ನೊಂದು ಪದ್ಧತಿಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಕೋಳಿ ತೂಕಡಿಸಲು ಶುರು ಮಾಡಿದರೆ, ಸತ್ತು ಹರಾಮ್ ಆಗುವ ಮೊದಲು ಝಬಹ್ ಮಾಡಿಬಿಡಿ ಎಂದು ಓಡಾಡುತ್ತೇವೆ. ಜೀವ ಇರುವಾಗ ಝಬಹ್ ಮಾಡಿದರೆ ಹಲಾಲ್ ಆಗಬಹುದು. ಆದರೆ ಕುರ್‌ಆನ್ ಹಲಾಲ್ ಜೊತೆಗೆ ತಯ್ಯಿಬ್ ಎಂದೂ ಹೇಳುತ್ತದೆ, ಅಂದರೆ ಒಳ್ಳೆಯದು, ಶುದ್ಧವಾದದ್ದು. 2025ರ ಆರಂಭದಲ್ಲಿ ನಮ್ಮ ಪಕ್ಕದ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿತು. ಅದು ದೊಡ್ಡ ಫಾರಂಗಳಿಗೆ ಮಾತ್ರ ಬರುವ ಕಾಯಿಲೆಯಲ್ಲ. ಹಕ್ಕಿಜ್ವರ ಮನುಷ್ಯರಿಗೆ ಹತ್ತುವ ಮುಖ್ಯ ದಾರಿಗಳಲ್ಲಿ ಒಂದು, ಕಾಯಿಲೆ ಬಿದ್ದ ಕೋಳಿಯನ್ನು ಕೊಯ್ದು, ಪುಕ್ಕ ಕಿತ್ತು, ಕರುಳು ತೆಗೆಯುವ ಕೆಲಸ. ಆ ಕೆಲಸ ಮನೆಯಲ್ಲಿ ಮಾಡುವವರು ಯಾರು? ಹೆಂಗಸರು, ಹುಡುಗಿಯರು. ಒಂದು ಕೋಳಿಯ ಬೆಲೆಗೆ ಅವರನ್ನು ಒಡ್ಡಬೇಡಿ. ಎರಡು ಮೂರು ಕೋಳಿ ಒಟ್ಟಿಗೆ ತೂಕಡಿಸಿದರೆ, ಸತ್ತರೆ, ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಪ್ರತಿ ಸಲವೂ ಅದು ಹಕ್ಕಿಜ್ವರವೇ ಎಂದಲ್ಲ, ನಮ್ಮ ಕಡೆ ಹೆಚ್ಚಾಗಿ ಬರುವುದು ಕೊಕ್ಕರೆ ರೋಗ. ಅದಕ್ಕೆ ಲಸಿಕೆ ಇದೆ. ಮರಿಯ ಮೊದಲ ವಾರದಲ್ಲಿ ಒಮ್ಮೆ, ಎರಡು ತಿಂಗಳ ಹೊತ್ತಿಗೆ ಇನ್ನೊಮ್ಮೆ ಹಾಕಿಸಬೇಕು. ಮಗುವಿನ ಪೋಲಿಯೊ ಹನಿ ಮರೆಯದ ತಾಯಿ ಇದನ್ನೂ ನೆನಪಿಡಬಲ್ಲಳು.

ಮೊಟ್ಟೆ ಬಂತು, ಶುದ್ಧವಾಗಿಯೇ ಬಂತು. ಅದನ್ನು ತಿನ್ನುವವರು ಯಾರು? ನಾಟಿ ಮೊಟ್ಟೆಗೆ ನಮ್ಮ ಸಂತೆಯಲ್ಲಿ 12-15 ರೂಪಾಯಿ ಸಿಗುತ್ತದೆ. ಮಾರಿ ಸೊಪ್ಪು, ಸಕ್ಕರೆ ತರುತ್ತೇವೆ. ಮಾರದೆ ಉಳಿದದ್ದು ಮನೆಯ ಗಂಡಸಿನ ತಟ್ಟೆಗೆ, ಆಮೇಲೆ ಗಂಡುಮಕ್ಕಳಿಗೆ. ಹೆಣ್ಣುಮಕ್ಕಳ ಪಾಲಿಗೆ ಮಸಾಲೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 48 ಮಂದಿಗೆ ರಕ್ತಹೀನತೆ ಇದೆ. ಮೊಟ್ಟೆ ಒಂದರಿಂದಲೇ ರಕ್ತ ತುಂಬುತ್ತದೆ ಎಂದು ನಾನು ಹೇಳುವುದಿಲ್ಲ, ಅದರಲ್ಲಿರುವ ಕಬ್ಬಿಣ ಮೈಗೆ ಅಷ್ಟಾಗಿ ಹತ್ತುವುದಿಲ್ಲ. ಆದರೆ ಬಿ12, ಎ ಜೀವಸತ್ವ, ಉತ್ತಮ ಪ್ರೋಟೀನ್ ಇಷ್ಟು ಅಗ್ಗವಾಗಿ ಬೇರೆಲ್ಲಿ ಸಿಗುತ್ತದೆ? ಸರ್ಕಾರಿ ಶಾಲೆಯ ಮಕ್ಕಳಿಗೆ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ. ಮನೆಯಲ್ಲಿರುವ ಒಂದೂವರೆ ವರ್ಷದ ಮಗುವಿಗೆ, ಶಾಲೆ ಬಿಟ್ಟ ಹುಡುಗಿಗೆ ಕೊಡಬೇಕಾದವರು ನಾವೇ.

ಮಾರಲೇಬೇಕಾದ ಮನೆಗಳಿವೆ ಎಂದು ನನಗೂ ಗೊತ್ತು. ಅವರಿಗೆ ನನ್ನ ಸಲಹೆ ಕೇಳಿ ಕೆಲವರು ನಗುತ್ತಾರೆ. ಒಂದು ನಾಟಿ ಮೊಟ್ಟೆ ಮಾರಿ, ಆ ದುಡ್ಡಿಗೆ ಎರಡು ಫಾರಂ ಮೊಟ್ಟೆ ತಂದು ಮಕ್ಕಳಿಗೆ ಕೊಡಿ. ನಾಟಿ ಮೊಟ್ಟೆಯ ಹಳದಿ ಗಾಢವಾಗಿರುವುದು ಅದು ತಿಂದ ಸೊಪ್ಪಿನಿಂದ, ಚಿಪ್ಪು ಕಂದಾಗಿರುವುದು ತಳಿಯಿಂದ. ಪ್ರೋಟೀನಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಗಾತ್ರದಲ್ಲಿ ಫಾರಂ ಮೊಟ್ಟೆಯೇ ದೊಡ್ಡದು. ರುಚಿಯಲ್ಲಿ ನಾಟಿಯೇ ಮೇಲು, ಅದನ್ನು ಒಪ್ಪುತ್ತೇನೆ. ಇನ್ನೂ ಹೆಚ್ಚು ಮೊಟ್ಟೆ ಬೇಕೆನ್ನುವವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ಅಥವಾ ಅದರ ನಂತರ ಬಂದ ಸ್ವರ್ಣಧಾರ ತಳಿ ಸಾಕಬಹುದು. ಗಿರಿರಾಜ ವರ್ಷಕ್ಕೆ 130-150, ಸ್ವರ್ಣಧಾರ 180ರ ಹತ್ತಿರ ಇಡುತ್ತದೆ. ಮೇವು ಮಾತ್ರ ನಾಟಿಗಿಂತ ಹೆಚ್ಚು ಕೇಳುತ್ತದೆ.

ಹೇಂಟೆ ತಂದಿದ್ದ ಸಹೋದರಿಯ ವಿಷಯ ಅರ್ಧಕ್ಕೇ ನಿಂತಿತು. ಪುಕ್ಕ ತೆಗೆದು, ಗಾಯಕ್ಕೆ ಅರಿಶಿನ ಹಚ್ಚಿ, ನಾಲ್ಕು ದಿನ ನಮ್ಮ ತಂತಿ ಪಂಜರದಲ್ಲಿಟ್ಟು ವಾಪಸ್ ಕೊಟ್ಟೆ. ಜನವರಿ ಕೊನೆಗೆ ಅದು ಮತ್ತೆ ಮೊಟ್ಟೆ ಶುರು ಮಾಡಿತು. ಮೊದಲ ಮೊಟ್ಟೆಯನ್ನು ನನಗೇ ತಂದುಕೊಟ್ಟಳು. "ನಿನ್ನ ಮಗಳಿಗೆ ಬೇಯಿಸಿ ಕೊಡು" ಎಂದು ಹಿಂದಕ್ಕೆ ಕಳಿಸಿದೆ. ಅವಳ ಅತ್ತೆ ಈಗಲೂ ಹೇಳುವುದು ಪುಕ್ಕ ಚುಚ್ಚಿದ್ದರಿಂದಲೇ ಗುಣವಾಯಿತು ಎಂದು.